ಸೆಟ್ ಅಸೈಡ್

ಹೂ ಮಾರುವ ಚೌಡಮ್ಮ ಮಾರ್ಕೆಟ್ಟಿನಿಂದ ಬರುವಷ್ಟರಲ್ಲಿ ಬಾಡಿಗೆ ಮನೆಯ ಪಾತ್ರೆಪಗಡೆಯೆಲ್ಲ ಬೀದಿಗೆ ಬಿದ್ದಿತ್ತು. ಲಕ್ವ ಹೊಡೆದು ಮಲಗಿದ್ದ ಗಂಡನನ್ನು ಕೂಲಿಯಾಳುಗಳು ಮಂಚದ ಸಮೇತ ಎತ್ತಿ ಬಿಸಿಲಲ್ಲಿ ಇಟ್ಟಿದ್ದರು.

ಮನೆ ಮಾಲೀಕ ನಂಜುಂಡಯ್ಯ ಇಂಗ್ಲಿಷ್ ತೀರ್ಪು ಹಿಡಿದು ನಿಂತಿದ್ದ. ವಕೀಲರನ್ನು ಕೇಳುವಷ್ಟು ತಾಳ್ಮೆ ಅವನಿಗಿರಲಿಲ್ಲ. ಇಂಗ್ಲಿಷ್ ತನಗೂ ಬರುತ್ತದೆಂಬ ಜಂಬ.

"ಕೆಳಗಿನ ಕೋರ್ಟು ಮನೆ ಬಿಡು ಅಂದದ್ದಕ್ಕೆ ಮೇಲಿನ ಕೋರ್ಟಿಗೆ ಹೋಗಿದ್ದೆಯಲ್ಲ, ತೀರ್ಪು ಬಂತು ನೋಡು. ಸೆಟ್ ಅಸೈಡ್ ಅಂತ ಬರೆದಿದ್ದಾರೆ. ಅಂದರೆ ಪಕ್ಕಕ್ಕೆ ಎತ್ತಿಡಿ ಅಂತ. ಇಟ್ಟಿದ್ದೀವಿ."

ಚೌಡಮ್ಮ ಹೂವಿನ ಬುಟ್ಟಿ ಕೆಳಗಿಟ್ಟಳು. ದನಿ ಮಾತ್ರ ಏರಿಸಲಿಲ್ಲ.

"ಕೋರ್ಟು ಹೇಳಿದ ಮೇಲೆ ಮುಗೀತು ಯಜಮಾನ್ರೇ. ಯಾವುದನ್ನ ಎತ್ತಿಡಿ ಅಂದವ್ರೆ? ಆ ಸಾಲು ಕನ್ನಡದಾಗೆ ಓದಿ, ಈ ಆಳುಗಳೂ ಕೇಳಲಿ."

ನಂಜುಂಡಯ್ಯ ಗಂಟಲು ಸರಿಮಾಡಿಕೊಂಡು ಓದಿದ. "ಮನೆ ಖಾಲಿ ಮಾಡಿಸುವ ಆದೇಶವನ್ನು ಪಕ್ಕಕ್ಕೆ ಇಡಲಾಗಿದೆ."

"ಪಕ್ಕಕ್ಕೆ ಇಡಬೇಕಾದ್ದು ಆದೇಶಾನ ಅಲ್ವಾ? ನನ್ನ ಗಂಡನ್ನ ಯಾಕೆ ಇಟ್ರಿ?"

ಆಳುಗಳು ಮುಖ ಮುಖ ನೋಡಿಕೊಂಡರು. ನಂಜುಂಡಯ್ಯ ಇನ್ನೊಮ್ಮೆ ಓದಿ, ಬೆವರುತ್ತ ವಕೀಲರಿಗೆ ಫೋನು ಹಚ್ಚಿದ. ಆ ಕಡೆಯ ಕೂಗು ಬೀದಿಗೆಲ್ಲ ಕೇಳಿಸಿತು.

"ನಿಮ್ಮ ಆದೇಶ ರದ್ದಾಗಿದೆ ಕಣ್ರೀ! ಆ ಮನೆ ಮುಟ್ಟಿದರೆ ಜೈಲು!"

ಅಷ್ಟರಲ್ಲಿ ಆಳುಗಳು ಜಾಗ ಖಾಲಿ ಮಾಡಿದ್ದರು. ಒಬ್ಬ ಮಾತ್ರ ಉಳಿದಿದ್ದ. ನಂಜುಂಡಯ್ಯನೂ ಹೊರಟ. ಚೌಡಮ್ಮ ಅಡ್ಡ ನಿಂತಳು.

"ಹೊರಗೆ ಇಟ್ಟೋರು ಒಳಗೆ ಇಟ್ಟು ಹೋಗಿ. ಅವನು ಕಾಲ ಕಡೆ ಹಿಡೀತಾನೆ. ನೀವು ತಲೆ ಕಡೆ ಹಿಡೀರಿ."

ನಂಜುಂಡಯ್ಯ ಹಿಡಿದ. ಮಂಚ ಹೊಸಿಲು ದಾಟುವವರೆಗೂ ಮಲಗಿದ್ದವನು ರೆಪ್ಪೆ ಹೊಡೆಯದೆ, ತನ್ನ ತಲೆಯ ಮೇಲೆ ಬಾಗಿದ್ದ ನಂಜುಂಡಯ್ಯನ ಮುಖವನ್ನೇ ನೋಡುತ್ತಿದ್ದ.