ಸಕ್ಕರೆ ಬಿಡಿಸುವ ಅರ್ಜಿ

ನನ್ನ ಮೀಸೆಯ ಆಣೆ, ಇದರಲ್ಲಿ ಅಕ್ಷರ ಅಕ್ಷರವೂ ನಿಜ. ಹುಬ್ಬಳ್ಳಿ ಕಡೆಯ ಪಂಪ್ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಜಾಗೀರದಾರ ಸಾಹೇಬರು ಹೊಸ ಸಾಫ್ಟ್‌ವೇರ್ ತರಿಸಿ ಡಂಗುರ ಹೊಡೆಸಿದರು. ಯಂತ್ರದ ನಕ್ಷೆಯಿಂದ ಹಿಡಿದು ಕ್ಯಾಂಟೀನಿನ ತಿಂಡಿಯವರೆಗೆ ಏನೇ ಬದಲಾಗಬೇಕಿದ್ದರೂ ಅರ್ಜಿ ಕಂಪ್ಯೂಟರಿನಲ್ಲೇ ಬರಬೇಕು, ತಾವೇ ಒಪ್ಪಬೇಕು. ಸರದಿಯಲ್ಲಿ ಮುಂದೆ ನಿಂತ ಅರ್ಜಿ ಮುಗಿಯದೆ ಅದರ ಹಿಂದೆ ನಿಂತದ್ದು ತೆರೆಯುವುದೇ ಇಲ್ಲ.

ಎಲ್ಲಕ್ಕಿಂತ ಮುಂದಿದ್ದದ್ದು ಕ್ಯಾಂಟೀನಿನ ನೀಲವ್ವನ ತಮ್ಮನ ಅರ್ಜಿ. ಅವನು ದುಡಿಯುವ, ತಗಡು ಒತ್ತುವ ಪ್ರೆಸ್ ಯಂತ್ರದಲ್ಲಿ ಕೈ ಕಾಯುವ ಗಾರ್ಡು ಗಿಡ್ಡವಾಗಿತ್ತು. ಬೆರಳು ಇಂದೋ ನಾಳೆಯೋ ಹೋಗುವಂತಿತ್ತು. ಉದ್ದನೆಯ ಗಾರ್ಡಿನ ನಕ್ಷೆ ತಿಂಗಳಿಂದ ಸಾಹೇಬರ ಕಂಪ್ಯೂಟರಿನಲ್ಲಿ ಗೊರಕೆ ಹೊಡೆಯುತ್ತಿತ್ತು. ನೀಲವ್ವ ಹೋಗಿ ಕೇಳಿದರೆ, "ಇಲ್ಲಿ ಬಾಯಿಮಾತು ನಡೆಯಂಗಿಲ್ಲ" ಎಂದು ಗದರಿದರು.

ಅಷ್ಟರಲ್ಲಿ ಡಾಕ್ಟರು ಸಾಹೇಬರಿಗೆ ಸಕ್ಕರೆ ಬಿಡಿಸಿದರು. ನೀಲವ್ವ ಮಾತ್ರ ಪಾಕದಂಥ ಚಹಾ ತಂದಿಟ್ಟಳು.

"ಸಕ್ರಿ ಬ್ಯಾಡ ಅಂದಿದ್ನಲ್ಲ?"

"ಬಾಯಿಮಾತು ನಡೆಯಂಗಿಲ್ಲಲ್ರೀ ಸಾಹೇಬ್ರ. ಅರ್ಜಿ ಹಾಕ್ಸೀನ್ರಿ. ಅದು ಸರದ್ಯಾಗ ನಮ್ಮ ತಮ್ಮನ ಅರ್ಜಿ ಹಿಂದ ನಿಂತೈತಿ."

"ಚಹಾಕ್ಕೂ ಸರದಿ ಏನವಾ? ಆ ನಿಯಮಾನ ಬದಲಿ ಮಾಡ್ತೀನಿ."

"ಮಾಡ್ರಿ. ಅದಕ್ಕೂ ಅರ್ಜಿ ಬೇಕಲ್ರೀ. ಅದು ಚಹಾದ ಹಿಂದ ನಿಲ್ತೈತಿ."

ಸಾಹೇಬರು ಚಹಾ ನೋಡಿದರು, ನೀಲವ್ವನನ್ನು ನೋಡಿದರು. ಅವಳು ಕದಲಲಿಲ್ಲ. ಕೊನೆಗೆ ಗಾರ್ಡಿನ ನಕ್ಷೆ ತೆರೆದು, ಮೊದಲ ಸಲ ಪೂರ್ತಿ ಓದಿ, ಒಪ್ಪಿಗೆ ಒತ್ತಿದರು. ಸಂಜೆಯೊಳಗೆ ಪ್ರೆಸ್ಸಿಗೆ ಉದ್ದನೆಯ ಗಾರ್ಡು ಬಂತು. ಸಪ್ಪೆ ಚಹಾ ಕುಡಿದ ಸಾಹೇಬರು ಎದ್ದು ನಿಂತು, "ನೀಲವ್ವ, ನಂದ ತಪ್ಪಾತು" ಎಂದರು.

ಸಾಹೇಬರ ಈ ಕೊನೆಯ ಮಾತೊಂದು ಮಾತ್ರ ನಾನು ಸೇರಿಸಿದ್ದು. ಅವರು ಇನ್ನೂ ಅಂದಿಲ್ಲ.