ಹಲ್ಲಿ ಬಿದ್ದ ಸಾಂಬಾರು

ಚೆಲುವಮ್ಮನ ಮಗಳು ಕಬಡ್ಡಿಯಲ್ಲಿ ರೈಡಿಗೆ ಇಳಿದಳೆಂದರೆ ಎದುರಿನವರು ತಾವಾಗಿಯೇ ದಾರಿ ಬಿಡುತ್ತಿದ್ದರು. ಅಂಥವಳನ್ನು ಸೇರಿಸಿಕೊಳ್ಳಲು ಪೇಟೆಯ ದೊಡ್ಡ ಕಾಲೇಜಿನ ಕೋಚ್ ನಂಜರಾಜು ಕಾರಿನಲ್ಲಿ ಬಂದಿಳಿದರು. ಜೊತೆಗೆ ಸದಾ ಅವರ ಪರವಾಗಿಯೇ ಬರೆಯುವ ಪತ್ರಕರ್ತರೊಬ್ಬರು.

"ಇವತ್ತೇ ಸಹಿ ಹಾಕಿಬಿಡಿ," ಎಂದರು ಕೋಚ್. "ಆ ಕೆರೆ ಹಿಂದಿನ ಕಾಲೇಜಿಗೆ ಮಾತ್ರ ಕಳಿಸಬೇಡಿ. ಮೈದಾನದ ತುಂಬ ಕಲ್ಲು. ಹಾಸ್ಟೆಲ್ ಸಾಂಬಾರಿನಲ್ಲಿ ಹಲ್ಲಿ!"

"ನಾನೇ ಪೇಪರಿನಲ್ಲಿ ಬರೆದಿದ್ದೆ," ಎಂದರು ಪತ್ರಕರ್ತರು.

ಚೆಲುವಮ್ಮ ಅವರೆಕಾಳು ಹಿತುಕುವುದನ್ನು ನಿಲ್ಲಿಸಲಿಲ್ಲ. "ಹೋದ ವರ್ಷ ಫೈನಲ್‌ನಲ್ಲಿ ಗೆದ್ದೋರು ಯಾರು ಸಾರ್?"

ಕೋಚ್ ಕೆಮ್ಮಿದರು. "ಅವರೇ. ನಮ್ಮ ಮೇಲೆ."

"ಕಲ್ಲಿನ ಮೇಲೆ ಆಡಿ, ಹಲ್ಲಿ ಬಿದ್ದ ಸಾಂಬಾರು ಉಂಡು ನಿಮ್ಮನ್ನ ಸೋಲಿಸಿದ್ರಾ? ಹಾಗಾದ್ರೆ ಅಲ್ಲಿನ ಕೋಚು ಭಾರಿ ಮನುಷ್ಯನೇ ಇರ್ಬೇಕು."

ನಂಜರಾಜು ಅವರ ಮುಖ ಕೆಂಪಗಾಯಿತು. "ಅವನದೇನಿದೆ ಅಮ್ಮ, ಮಣ್ಣು! ಅಲ್ಲಿ ಮ್ಯಾಟ್ ಹಾಸಿದ ಅಂಕಣ ಇದೆ. ಬೆಳಿಗ್ಗೆ ಹಾಲು, ಮೊಟ್ಟೆ. ಭಾನುವಾರ ಹೊಟ್ಟೆ ತುಂಬ ಕೋಳಿ ಊಟ. ಇಷ್ಟೆಲ್ಲ ಕೊಟ್ಟರೆ ಯಾರು ಬೇಕಾದರೂ ಗೆಲ್ತಾರೆ!"

ಪತ್ರಕರ್ತರು ಅಭ್ಯಾಸಬಲದಿಂದ ಅದನ್ನೂ ಬರೆದುಕೊಂಡರು.

ಚೆಲುವಮ್ಮ ಒಳಗಿದ್ದ ಮಗಳಿಗೆ ಕೂಗಿ ಹೇಳಿದಳು:

"ಬಟ್ಟೆ ಜೋಡಿಸ್ಕೊಳ್ಳೇ, ಕೆರೆ ಹಿಂದಿನ ಕಾಲೇಜಿಗೇ ಹೋಗುವಿಯಂತೆ. ಪೇಪರು ಓದಿದ ಮೇಲೆ ನಂಗೆ ಊಟದ್ದೊಂದೇ ಯೋಚ್ನೆ ಇತ್ತು. ಪಾಪ, ಇವರೇ ಅಷ್ಟು ದೂರದಿಂದ ಬಂದು ಬಗೆಹರಿಸಿದ್ರು."