ಕೆರೆ ಬಿಟ್ಟ ಮಿಂಚುಳ್ಳಿ

ಯಾರಾದರೂ ರಿಸಲ್ಟ್ ಕೇಳಿದರೆ ಸಾಕು, ಮರಿ ಮಿಂಚುಳ್ಳಿ ರೆಕ್ಕೆಯ ನೀರು ಕೊಡವುತ್ತಾ ಮಾತು ಮರೆಸುತ್ತಿದ್ದಳು. ಕೆರೆ ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಒಂದು ಮೀನೂ ಸಿಕ್ಕಿರಲಿಲ್ಲ. ಕೊಕ್ಕರೆ ಟೀಚರ್ “ಸ್ವಲ್ಪ ಕಾಯಮ್ಮ” ಎನ್ನುವಷ್ಟರಲ್ಲಿ ಧುಮುಕಿ, ಬರಿಗೊಕ್ಕಿನಲ್ಲಿ ಮೇಲೆ ಬರುತ್ತಿದ್ದಳು.

“ಏನಮ್ಮಾ, ಇವತ್ತೂ ಬರೀ ಸ್ನಾನಾನಾ?” ಎಂದು ನೀರುಕಾಗೆ ನಗುತ್ತಿತ್ತು.

ನಾಚಿಕೆ ತಡೆಯಲಾರದೆ ಅವಳು ಟೀಚರಿಗೂ ಹೇಳದೆ ದೊಡ್ಡ ಹೊಳೆಯ ಕಾಲೇಜಿಗೆ ಅರ್ಜಿ ಹಾಕಿದಳು. ಅಲ್ಲಿ ಸೀಟು ಸಿಗುವುದೇ ಅಪರೂಪ. ಪ್ರಿನ್ಸಿಪಾಲ್ ಮೀನುಗಿಡುಗ ಅವಳನ್ನು ಕರೆಸಿ ಕೇಳಿದರು, “ಕೆರೆ ಬಿಡುವುದೇಕೆ?”

“ಅಲ್ಲಿ ಮೀನೇ ಇಲ್ಲ ಸರ್,” ಎಂದಳು. ಸುಳ್ಳು ಅಷ್ಟಕ್ಕೇ ನಿಲ್ಲಲಿಲ್ಲ. “ಕೊಕ್ಕರೆ ಟೀಚರಿಗೆ ಒಂಟಿಕಾಲಲ್ಲಿ ನಿದ್ದೆ ಮಾಡೋದು ಬಿಟ್ಟರೆ ಬೇರೇನೂ ಬರಲ್ಲ.”

“ಹೌದೇ? ಬೇರೆ ಕಡೆಯಿಂದ ಬರುವವರಿದ್ದರೆ ಅವರ ಟೀಚರನ್ನು ಮೊದಲೇ ಕರೆಸುವುದು ನಮ್ಮ ಪದ್ಧತಿ. ಬೆಳಿಗ್ಗೆ ಅವರು ಬಂದಿದ್ದರು. ‘ಹುಡುಗಿಯ ಕಣ್ಣು ಬಹಳ ಚುರುಕು. ಕಾಯುವುದನ್ನು ಕಲಿಸಲು ನನ್ನಿಂದಾಗಲಿಲ್ಲ, ಆ ತಪ್ಪು ನನ್ನದು’ ಎಂದರು. ಅವರ ಮಾತಿನ ಮೇಲೆಯೇ ನಿನಗೆ ಸೀಟು ಕೊಟ್ಟಾಗಿದೆ.”

ಆಸೆಪಟ್ಟ ಸೀಟು ಸಿಕ್ಕಿತ್ತು. ಆದರೆ ಮಿಂಚುಳ್ಳಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಗಿಡುಗ ರೆಕ್ಕೆ ಬಿಚ್ಚಿದರು. “ಕೆರೆಯ ಕಡೆಗೇ ಹೊರಟಿದ್ದೇನೆ. ಟೀಚರಿಗೆ ವಿಷಯ ತಿಳಿಸಬೇಕು.”

“ಸರ್, ನಾನು ಅವರ ಬಗ್ಗೆ ಹೇಳಿದ್ದನ್ನ ಮಾತ್ರ ಹೇಳಬೇಡಿ. ನಿಮ್ಮ ದಮ್ಮಯ್ಯ.”

ಗಿಡುಗ ಅವಳನ್ನೊಮ್ಮೆ ನೋಡಿ, ಕೆರೆಯತ್ತ ಹಾರಿಹೋದರು.